ಯುವಜನರು ಮತ್ತು ಸುತ್ತಲಿನ ಜೀವವೈವಿಧ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳನ್ನೋ ಹದಿಹರೆಯದವರನ್ನೋ ಸುತ್ತಲಿನ ಗಿಡ, ಹಕ್ಕಿ, ಹುಳುಗಳನ್ನು ಕಾಪಾಡುವ ಕೆಲಸಕ್ಕೆ ಸೇರಿಸಿಕೊಳ್ಳಬೇಕು ಅಂತ ಅಂದುಕೊಂಡಿರುವ ಶಿಕ್ಷಕರಿಗೆ, ಪೋಷಕರಿಗೆ, ಸಂಘದವರಿಗೆ ಇದನ್ನು ಬರೆದಿದ್ದೇನೆ. ತಾವೇ ಏನಾದರೂ ಶುರು ಮಾಡಬೇಕು ಅನ್ನುವ ಹುಡುಗ ಹುಡುಗಿಯರಿಗೂ ಇದು ಆಗುತ್ತದೆ. ಕೆಲವು ಪ್ರಶ್ನೆಗಳಿಗೆ ಉತ್ತರ ಉದ್ದ ಇದೆ, ಕೆಲವಕ್ಕೆ ಎರಡು ಸಾಲು ಸಾಕು.

ಜೀವವೈವಿಧ್ಯ ಅಂದರೆ ದಟ್ಟ ಕಾಡು, ದೊಡ್ಡ ಪ್ರಾಣಿ ತಾನೇ? ನಮ್ಮ ಬೀದಿಯಲ್ಲಿ ಏನಿರುತ್ತದೆ?

ಬೀದಿಯಲ್ಲೂ ತುಂಬಾ ಇರುತ್ತದೆ. ಗೋಡೆಯ ಪಾಚಿ, ಮರದ ತೊಗಟೆಯ ಮೇಲಿನ ಕಲ್ಲುಹೂವು, ಕಾಲುದಾರಿಯ ಸಂದಿಯಲ್ಲಿ ಹೂ ಬಿಟ್ಟ ಹುಲ್ಲು, ಆ ಹೂವಿಗೆ ಬರುವ ಪುಟ್ಟ ದುಂಬಿ, ದುಂಬಿಯನ್ನು ಹಿಡಿಯಲು ಕಾದಿರುವ ಜೇಡ. ಇದೆಲ್ಲ ಲೆಕ್ಕಕ್ಕೆ ಬರುತ್ತದೆ.

1992ರಲ್ಲಿ ರಿಯೊ ಡಿ ಜನೈರೊದಲ್ಲಿ ದೇಶಗಳು ಸಹಿ ಹಾಕಿದ ಜೀವವೈವಿಧ್ಯ ಒಪ್ಪಂದ ಮೂರು ಮಟ್ಟಗಳ ಬಗ್ಗೆ ಮಾತಾಡುತ್ತದೆ. ಒಂದೇ ಜಾತಿಯ ಜೀವಿಗಳ ನಡುವಿನ ವ್ಯತ್ಯಾಸ, ಬೇರೆ ಬೇರೆ ಜಾತಿಗಳು, ಅವೆಲ್ಲ ಸೇರಿ ಬದುಕುವ ನೆಲೆಗಳು. ಈ ಮೂರೂ ಒಂದು ಹಳೆಯ ತೋಟದಲ್ಲೂ ಸಿಗುತ್ತವೆ. ಹುಲಿಯನ್ನು ನೋಡದೆ ಇಡೀ ಬಾಲ್ಯ ಕಳೆಯಬಹುದು. ಇರುವೆಯನ್ನು ನೋಡದೆ ಒಂದು ದಿನ ಕಳೆಯೋದೂ ಕಷ್ಟ. ಹಾಗಾಗಿ ಇರುವೆಯಿಂದಲೇ ಶುರು ಮಾಡಿ.

ಈ ಕೆಲಸಕ್ಕೆ ತಜ್ಞರು ಇದ್ದಾರೆ. ಚಿಕ್ಕವರು ಯಾಕೆ ಬೇಕು?

ತಜ್ಞರು ಕಡಿಮೆ, ನೋಡಬೇಕಾದ ಜಾಗ ಜಾಸ್ತಿ. ಇದು ಮೊದಲ ಕಾರಣ. ಚಿಕ್ಕವರಿಗೆ ಕಣ್ಣು ಚುರುಕು, ನೆಲಕ್ಕೆ ಹತ್ತಿರ ಇರುತ್ತಾರೆ, ಒಂದು ಕಲ್ಲಿನ ಮುಂದೆ ಅರ್ಧ ಗಂಟೆ ಕೂರುವ ತಾಳ್ಮೆಯೂ ಅವರಿಗಿದೆ. ಇದು ಎರಡನೆಯದು.

ಅಮೆರಿಕದಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. ಅಲ್ಲಿ ಒಂಬತ್ತು ಚುಕ್ಕೆಯ ಲೇಡಿಬಗ್ ಹುಳು ಒಂದು ಕಾಲಕ್ಕೆ ಎಲ್ಲೆಲ್ಲೂ ಇತ್ತು. 1989ರಲ್ಲಿ ನ್ಯೂಯಾರ್ಕ್ ಅದನ್ನು ತನ್ನ ರಾಜ್ಯ ಕೀಟ ಅಂತಲೂ ಘೋಷಿಸಿತು. ಆಮೇಲೆ ನೋಡಿದರೆ ದೇಶದ ಪೂರ್ವ ಭಾಗದಲ್ಲಿ ಅದು ಕಾಣಿಸೋದೇ ನಿಂತುಹೋಗಿತ್ತು. 2006ರಲ್ಲಿ ವರ್ಜೀನಿಯಾದಲ್ಲಿ ಹತ್ತು, ಹನ್ನೊಂದು ವರ್ಷದ ಇಬ್ಬರು ಒಡಹುಟ್ಟಿದವರು ಮನೆಯ ಹತ್ತಿರ ಅದನ್ನು ಕಂಡು ಹಿಡಿದರು. ಆ ಭಾಗದಲ್ಲಿ ಅದು ಕಂಡದ್ದು 14 ವರ್ಷಗಳಲ್ಲಿ ಅದೇ ಮೊದಲು.

ಮೊನಾರ್ಕ್ ಚಿಟ್ಟೆಯ ಕಥೆಯಲ್ಲೂ ಮಕ್ಕಳಿದ್ದಾರೆ. ಈ ಚಿಟ್ಟೆಗಳು ಚಳಿಗಾಲಕ್ಕೆ ಎಲ್ಲಿಗೆ ಹೋಗುತ್ತವೆ ಅಂತ ತಿಳಿಯಲು ಕೆನಡಾದ ವಿಜ್ಞಾನಿ ಫ್ರೆಡ್ ಅರ್ಕ್‌ಹಾರ್ಟ್ ಹಲವು ದಶಕ ಕೆಲಸ ಮಾಡಿದರು. ಸಾವಿರಾರು ಸ್ವಯಂಸೇವಕರು ಅವರಿಗಾಗಿ ಚಿಟ್ಟೆಗಳ ರೆಕ್ಕೆಗೆ ಪುಟ್ಟ ಚೀಟಿ ಅಂಟಿಸುತ್ತಿದ್ದರು. 1976ರ ಜನವರಿಯಲ್ಲಿ ಅವರು ಮೆಕ್ಸಿಕೊದ ಬೆಟ್ಟದ ಕಾಡಿಗೆ ಹೋದಾಗ ಚೀಟಿ ಇರುವ ಒಂದು ಚಿಟ್ಟೆ ಸಿಕ್ಕಿತು. ಹಿಂದಿನ ಆಗಸ್ಟ್‌ನಲ್ಲಿ ಮಿನೆಸೋಟದ ಇಬ್ಬರು ಶಾಲಾ ಹುಡುಗರು ಮತ್ತು ಅವರ ಮೇಷ್ಟ್ರು ಅಂಟಿಸಿದ್ದ ಚೀಟಿ ಅದು.

ಮೂರನೆಯ ಕಾರಣ ನನಗೆ ಎಲ್ಲಕ್ಕಿಂತ ಮುಖ್ಯ. 1995ರಲ್ಲಿ ಮೀನುಗಳ ವಿಜ್ಞಾನಿ ಡೇನಿಯಲ್ ಪೌಲಿ ಒಂದು ವಿಷಯ ಎತ್ತಿದರು. ಪ್ರತಿ ತಲೆಮಾರೂ ತಾನು ಮೊದಲು ಕಂಡದ್ದನ್ನೇ ಸರಿಯಾದ ಸ್ಥಿತಿ ಅಂದುಕೊಳ್ಳುತ್ತದೆ. ಅಪ್ಪನ ಕಾಲಕ್ಕೆ ಕೆರೆಯಲ್ಲಿ ಇಪ್ಪತ್ತು ಬಗೆ ಮೀನು ಇದ್ದರೆ, ಮಗ ನೋಡಿದ್ದು ಹತ್ತು. ಮೊಮ್ಮಗನಿಗೆ ಐದೇ ಸಹಜ ಅನ್ನಿಸುತ್ತದೆ. ಕಳೆದುಹೋದದ್ದು ಯಾರಿಗೂ ಗೊತ್ತೇ ಆಗಲ್ಲ. ಇವತ್ತು ಬರೆದಿಟ್ಟರೆ ಮಾತ್ರ ನಾಳೆ ಹೋಲಿಸಿ ನೋಡಬಹುದು. ಬರೆದದ್ದನ್ನು ನಲವತ್ತು ವರ್ಷ ಆದಮೇಲೆ ಹೋಲಿಸಿ ನೋಡುವಷ್ಟು ಆಯಸ್ಸು ಇರೋದು ಇವತ್ತಿನ ಚಿಕ್ಕವರಿಗೇ ಅಲ್ವಾ?

ಈಗಿನ ಮಕ್ಕಳಿಗೆ ಇದರಲ್ಲಿ ಆಸಕ್ತಿಯೇ ಇಲ್ಲ ಅಂತಾರೆ. ನಿಜವಾ?

ಆಸಕ್ತಿ ಇದೆ. ಪರಿಚಯ ಇಲ್ಲ. 2002ರಲ್ಲಿ ಬ್ರಿಟನ್ನಿನ ಶಾಲಾ ಮಕ್ಕಳಿಗೆ ಎರಡು ಬಗೆ ಚಿತ್ರ ತೋರಿಸಿ ಹೆಸರು ಕೇಳಿದ ಅಧ್ಯಯನ ಪ್ರಕಟವಾಯಿತು. ಒಂದು, ಅಲ್ಲಿನ ಸಾಮಾನ್ಯ ಗಿಡ ಪ್ರಾಣಿಗಳು. ಇನ್ನೊಂದು, ಪೋಕೆಮಾನ್ ಆಟದ ಪಾತ್ರಗಳು. ಎಂಟು ವರ್ಷದ ಮಕ್ಕಳು ಗಿಡ ಪ್ರಾಣಿಗಳಲ್ಲಿ ಗುರುತಿಸಿದ್ದು ಸುಮಾರು ಶೇ 53, ಪೋಕೆಮಾನ್‌ಗಳಲ್ಲಿ ಶೇ 78.

ಇದನ್ನು ಓದಿ ಅನೇಕರು ಮಕ್ಕಳನ್ನು ಬೈಯುತ್ತಾರೆ. ನನಗೆ ಕಾಣೋದು ಬೇರೆ. ನೂರಾರು ಜೀವಿಗಳ ಹೆಸರು, ಬಣ್ಣ, ಶಕ್ತಿ, ಎಲ್ಲ ನೆನಪಿಟ್ಟುಕೊಳ್ಳುವ ತಲೆ ಅವರಿಗಿದೆ. ಪರಿಚಯ ಮಾಡಿಸೋದು ದೊಡ್ಡವರ ಕೆಲಸ.

ಸರಿ, ಎಲ್ಲಿಂದ ಶುರು ಮಾಡೋದು?

ಒಂದು ಜಾಗ ಆರಿಸಿಕೊಳ್ಳಿ. ಒಂದೇ ಒಂದು. ನಡೆದುಕೊಂಡು ಹೋಗುವಷ್ಟು ಹತ್ತಿರ ಇರಲಿ. ಚಿಕ್ಕ ಹೊಂಡ, ಶಾಲೆಯ ಹಿಂದಿನ ಖಾಲಿ ಜಾಗ, ಉದ್ಯಾನದ ಒಂದು ಮೂಲೆ, ಹೊಳೆಯ ದಂಡೆಯ ಐವತ್ತು ಹೆಜ್ಜೆ, ಏನಾದರೂ ಆಗಬಹುದು. ಜಾಗವನ್ನು ದೊಡ್ಡವರು ಮೊದಲೇ ತೀರ್ಮಾನ ಮಾಡಿ ತೋರಿಸಬೇಡಿ. ಎರಡು ಮೂರು ಕಡೆ ಕರೆದುಕೊಂಡು ಹೋಗಿ, ಅವರೇ ಆರಿಸಲಿ. ತಾವೇ ಆರಿಸಿದ ಜಾಗಕ್ಕೆ ಮಳೆಯಲ್ಲೂ ಬರುತ್ತಾರೆ.

ಮೊದಲ ಒಂದು ವರ್ಷ ಏನನ್ನೂ ಸುಧಾರಿಸಲು ಹೋಗಬೇಡಿ. ಗುಡಿಸೋದು, ಕೀಳೋದು, ನೆಡೋದು ಬೇಡ. ಬರೀ ನೋಡಿ, ಬರೆಯಿರಿ. ದಿನಾಂಕ, ಹೊತ್ತು, ಹವೆ ಹೇಗಿತ್ತು, ಎಷ್ಟು ಜನ ಎಷ್ಟು ಹೊತ್ತು ನೋಡಿದರು, ಏನು ಕಂಡಿತು. ಒಂದೇ ಕಡೆ ನಿಂತು, ಒಂದೇ ದಿಕ್ಕಿಗೆ ಪ್ರತಿ ತಿಂಗಳೂ ಒಂದು ಫೋಟೊ ತೆಗೆಯಿರಿ. ವರ್ಷ ತುಂಬಿದಾಗ ಆ ಹನ್ನೆರಡು ಫೋಟೊ ಸಾಲಾಗಿ ಇಟ್ಟು ನೋಡಿದರೆ ಆ ಜಾಗದ ಉಸಿರಾಟವೇ ಕಾಣುತ್ತದೆ.

ಒಂದು ವರ್ಷ ಕಾಯೋದು ಯಾಕೆ? ಬೇಸಿಗೆಯಲ್ಲಿ ಸತ್ತಂತೆ ಕಾಣುವ ನೆಲದಲ್ಲಿ ಮಳೆ ಬಂದ ಮೇಲೆ ಕಪ್ಪೆ ಕೂಗಬಹುದು. ಒಣ ಹುಲ್ಲಿನ ಕಾಂಡದೊಳಗೆ ಯಾವುದೋ ಹುಳುವಿನ ಮರಿ ಮಲಗಿರಬಹುದು. ಇದು ಗೊತ್ತಿಲ್ಲದೆ ಸ್ವಚ್ಛ ಮಾಡಿದರೆ, ಕಾಪಾಡಲು ಹೋದದ್ದನ್ನೇ ಹಾಳು ಮಾಡಿದ ಹಾಗೆ.

ಬರೆಯುತ್ತಾ ಹೋದರೆ ಪ್ರಶ್ನೆ ತಾನಾಗಿ ಹುಟ್ಟುತ್ತದೆ. "ಈ ಕಡೆ ಚಿಟ್ಟೆ ಇದೆ, ಆ ಕಡೆ ಯಾಕಿಲ್ಲ?" ಅಂತ ಯಾರೋ ಕೇಳುತ್ತಾರೆ. ಆ ಪ್ರಶ್ನೆಯನ್ನು ಹಿಡಿದುಕೊಳ್ಳಿ. ಮುಂದಿನ ಕೆಲಸ ಏನು ಅಂತ ಅದೇ ಹೇಳುತ್ತದೆ.

ನನಗೇ ಗಿಡ, ಹಕ್ಕಿಗಳ ಹೆಸರು ಗೊತ್ತಿಲ್ಲ. ನಾನು ಹೇಗೆ ಮುಂದಾಳು ಆಗಲಿ?

ಆಗಬಹುದು. "ನನಗೂ ಗೊತ್ತಿಲ್ಲ, ಹುಡುಕೋಣ" ಅನ್ನುವ ದೊಡ್ಡವರ ಜೊತೆ ಮಕ್ಕಳು ಚೆನ್ನಾಗಿ ಕಲಿಯುತ್ತಾರೆ. ಹೆಸರು ಸಿಗುವವರೆಗೆ ಅವರೇ ಒಂದು ಹೆಸರು ಇಡಲಿ. ಚಿತ್ರ ಬರೆಯಲಿ. ಚಿತ್ರ ಬರೆಯುವಾಗ ಎಲೆಯ ಅಂಚು, ಕಾಲಿನ ಬಣ್ಣ, ಕೊಕ್ಕಿನ ಆಕಾರ ಎಲ್ಲ ಗಮನಿಸಲೇಬೇಕಾಗುತ್ತದೆ. ಫೋಟೊ ತೆಗೆದರೆ ಅಷ್ಟು ಗಮನ ಬರಲ್ಲ.

ಜೊತೆಗೆ, ಆ ಜಾಗದಲ್ಲಿ ಬಹಳ ಕಾಲದಿಂದ ಇರುವ ಹಿರಿಯರನ್ನು ಕೇಳಿ. ಮೀನು ಹಿಡಿಯುವವರು, ದನ ಕುರಿ ಮೇಯಿಸುವವರು, ತೋಟದ ಕೆಲಸದವರು. ಅವರ ನೆನಪನ್ನು ಹುಡುಗರು ಕೂತು ಬರೆದುಕೊಳ್ಳಲಿ. ಯಾವ ಪುಸ್ತಕದಲ್ಲೂ ಇಲ್ಲದ ಮಾಹಿತಿ ಅದು.

ಯಾವ ವಯಸ್ಸಿನವರಿಗೆ ಯಾವ ಕೆಲಸ?

ಆರೇಳು ವರ್ಷದವರಿಗೆ ಮುಟ್ಟಿ, ಮೂಸಿ, ಕೇಳಿ ನೋಡೋದೇ ಕೆಲಸ. ಅಳಿವಿನ ಕಥೆಗಳನ್ನು ಅವರಿಗೆ ಈಗಲೇ ಹೇಳಬೇಡಿ. ಮೊದಲು ಪ್ರೀತಿ ಬೆಳೆಯಲಿ.

ಎಂಟರಿಂದ ಹನ್ನೆರಡರವರು ಪಟ್ಟಿ ಮಾಡೋದು, ಎಣಿಸೋದು, ಸಂಗ್ರಹಿಸೋದರಲ್ಲಿ ಮುಳುಗಿಹೋಗುತ್ತಾರೆ. ಈ ವಯಸ್ಸನ್ನು ವ್ಯರ್ಥ ಮಾಡಬೇಡಿ. ಅದಾದ ಮೇಲಿನವರಿಗೆ ಬರೀ ಪಟ್ಟಿ ಸಾಕಾಗಲ್ಲ. ಯಾಕೆ ಹೀಗಾಯಿತು, ಯಾರು ಮಾಡಿದರು, ನಾವೇನು ಮಾಡಬಹುದು ಅಂತ ಕೇಳುತ್ತಾರೆ. ಅವರಿಗೆ ಜವಾಬ್ದಾರಿ ಕೊಡಿ. ಹಣದ ಲೆಕ್ಕ, ಚಿಕ್ಕವರ ತಂಡ, ಅಧಿಕಾರಿಗಳಿಗೆ ಪತ್ರ. ಹದಿನೆಂಟು ದಾಟಿದವರು ಹೊಸಬರಿಗೆ ತರಬೇತಿ ಕೊಡಬಲ್ಲರು.

ಚಿಕ್ಕವರು ಕೊಟ್ಟ ಮಾಹಿತಿಯನ್ನು ವಿಜ್ಞಾನಿಗಳು ನಂಬುತ್ತಾರಾ?

ಸರಿಯಾಗಿ ಬರೆದಿದ್ದರೆ ನಂಬುತ್ತಾರೆ. ಸಾಮಾನ್ಯ ಜನ ಹಕ್ಕಿ ಎಣಿಸುವ ಕ್ರಿಸ್ಮಸ್ ಹಕ್ಕಿ ಗಣತಿ 1900ರಲ್ಲಿ 27 ಜನರಿಂದ ಶುರುವಾಯಿತು. ಇವತ್ತಿಗೂ ನಡೆಯುತ್ತಿದೆ. ಹಕ್ಕಿಗಳ ಏರಿಳಿತ ತಿಳಿಯಲು ವಿಜ್ಞಾನಿಗಳು ಆ ಲೆಕ್ಕವನ್ನು ಬಳಸುತ್ತಾರೆ.

ಇನ್ನೂ ಮುಂದೆ ಹೋದವರೂ ಇದ್ದಾರೆ. ಇಂಗ್ಲೆಂಡಿನ ಬ್ಲ್ಯಾಕಾಟನ್ ಎಂಬ ಹಳ್ಳಿಯ ಶಾಲೆಯಲ್ಲಿ 8ರಿಂದ 10 ವರ್ಷದ 25 ಮಕ್ಕಳು ಬಂಬಲ್‌ಬೀ ಜೇನುಗಳ ಮೇಲೆ ಪ್ರಯೋಗ ಮಾಡಿದರು. ಯಾವ ಹೂವಿಗೆ ಹೋಗಬೇಕು ಅಂತ ತೀರ್ಮಾನಿಸುವಾಗ ಜೇನುಗಳು ಬಣ್ಣವನ್ನಷ್ಟೇ ಅಲ್ಲ, ಬಣ್ಣಗಳು ಯಾವ ಜೋಡಣೆಯಲ್ಲಿವೆ ಅನ್ನೋದನ್ನೂ ಬಳಸುತ್ತವೆ ಅಂತ ಕಂಡುಕೊಂಡರು. 2010ರ ಕೊನೆಯಲ್ಲಿ ಬಯಾಲಜಿ ಲೆಟರ್ಸ್ ಎಂಬ ವಿಜ್ಞಾನ ಪತ್ರಿಕೆ ಅದನ್ನು ಪ್ರಕಟಿಸಿತು. ಪ್ರಶ್ನೆ ಮಕ್ಕಳದ್ದು, ಬರಹವೂ ಬಹುಪಾಲು ಅವರದ್ದೇ ಮಾತಿನಲ್ಲಿತ್ತು.

ನಂಬಿಕೆ ಬರಬೇಕಾದರೆ ಮೂರು ಅಭ್ಯಾಸ ಬೇಕು. ಗೊತ್ತಿಲ್ಲದ್ದನ್ನು "ಗೊತ್ತಿಲ್ಲ" ಅಂತಲೇ ಬರೆಯೋದು. ಎಷ್ಟು ಹೊತ್ತು ಹುಡುಕಿದೆವು ಅಂತ ಬರೆಯೋದು. ಏನೂ ಕಾಣದ ದಿನವನ್ನೂ ಬರೆಯೋದು. ಮೂರನೆಯದು ಮಕ್ಕಳಿಗೆ ಬೇಸರದ ಕೆಲಸ. ಆದರೆ "ಹುಡುಕಿದೆವು, ಸಿಗಲಿಲ್ಲ" ಅನ್ನೋದು ಕೂಡ ಮಾಹಿತಿಯೇ ಅಂತ ಒಂದು ಸಲ ಅರ್ಥವಾದರೆ ಆಮೇಲೆ ಅವರೇ ಬಿಡಲ್ಲ.

ಮೊಬೈಲ್ ಆಪ್ ಬಳಸಬಹುದಾ? ಹೊರಗೆ ಕರೆದುಕೊಂಡು ಹೋಗೋದೇ ಮೊಬೈಲ್ ಬಿಡಿಸಲು ಅಲ್ವಾ?

ಬಳಸಿ, ಆದರೆ ಮೊದಲು ಕಣ್ಣು, ಆಮೇಲೆ ಫೋನು. ಕೈಯಲ್ಲಿ ಫೋನ್ ಇದ್ದರೆ ಹೆಸರು ಸಿಕ್ಕ ತಕ್ಷಣ ನೋಡೋದು ನಿಂತುಹೋಗುತ್ತದೆ. ಎರಡು ನಿಮಿಷ ನೋಡಿ, ಬರೆದು, ಊಹೆ ಮಾಡಿ, ಆಮೇಲೆ ಫೋಟೊ ತೆಗೆಯುವ ನಿಯಮ ಇಟ್ಟುಕೊಳ್ಳಿ. ತಂಡಕ್ಕೆ ಒಂದೇ ಫೋನ್ ಸಾಕು.

2008ರಲ್ಲಿ ವಿದ್ಯಾರ್ಥಿಗಳ ಕೋರ್ಸಿನ ಪ್ರಾಜೆಕ್ಟ್ ಆಗಿ ಶುರುವಾದ ಐನ್ಯಾಚುರಲಿಸ್ಟ್‌ನಲ್ಲಿ ಯಾವ ಜೀವಿಯ ಫೋಟೊ ಬೇಕಾದರೂ ಹಾಕಬಹುದು. ಅದನ್ನು ನೋಡಿ ಬೇರೆಯವರು ಹೆಸರು ಹೇಳುತ್ತಾರೆ. ಹೆಸರು ಹೇಳಿದವರಲ್ಲಿ ಮೂರರಲ್ಲಿ ಎರಡು ಭಾಗಕ್ಕಿಂತ ಜಾಸ್ತಿ ಜನ ಒಪ್ಪಿದರೆ ಅದು ಸಂಶೋಧನೆಗೆ ಯೋಗ್ಯವಾದ ದಾಖಲೆ ಅನ್ನಿಸಿಕೊಳ್ಳುತ್ತದೆ. ಚಿಕ್ಕ ಮಕ್ಕಳಿಗೆ ಅದೇ ತಂಡ ಮಾಡಿದ ಸೀಕ್ ಎಂಬ ಆಪ್ ಇದೆ, ಖಾತೆ ತೆರೆಯದೆಯೇ ಬಳಸಬಹುದು. ಹಕ್ಕಿಗಳಿಗೆ 2002ರಿಂದ ಇಬರ್ಡ್ ಇದೆ. ಆಪ್ ಹೇಳಿದ ಹೆಸರೇ ಕೊನೆಯಲ್ಲ, ಅದೂ ತಪ್ಪು ಹೇಳುತ್ತದೆ. "ಇದು ಅದೇ ಅಂತ ಹೇಗೆ ಗೊತ್ತು?" ಅಂತ ಕೇಳುತ್ತಲೇ ಇರಿ.

ಅಪರೂಪದ ಜೀವಿ ಸಿಕ್ಕರೆ ಜಾಗದ ಸಮೇತ ಎಲ್ಲರಿಗೂ ತಿಳಿಸಬಹುದಾ?

ಬೇಡ. ಗೂಡು, ಆರ್ಕಿಡ್, ಆಮೆ, ಗೂಬೆ, ಇಂಥವುಗಳ ಸರಿಯಾದ ಜಾಗ ಹೊರಗೆ ಹೋದರೆ ಕದಿಯುವವರು ಬರುತ್ತಾರೆ. ಫೋಟೊ ತೆಗೆಯುವವರ ಗುಂಪು ಬಂದು ಗೂಡನ್ನು ಕಾಡುವುದೂ ಇದೆ. ಐನ್ಯಾಚುರಲಿಸ್ಟ್ ಅಪಾಯದಲ್ಲಿರುವ ಜಾತಿಗಳ ಜಾಗವನ್ನು ತಾನೇ ಮಸುಕು ಮಾಡುತ್ತದೆ. ಆದರೆ ವಾಟ್ಸ್ಆಪ್ ಗುಂಪಿನಲ್ಲಿ ಹಾಕಿದ ಲೊಕೇಶನ್ನನ್ನು ಯಾರೂ ಮಸುಕು ಮಾಡಲ್ಲ.

ಮಕ್ಕಳ ಮುಖ, ಶಾಲೆಯ ಹೆಸರು, ಅವರು ದಿನಾ ಹೋಗುವ ಜಾಗ, ಹೊತ್ತು ಕೂಡ ಹಾಗೆಯೇ. ಹಾಕಬೇಡಿ.

ಗಿಡ ನೆಟ್ಟರೆ ಸಾಕಲ್ವಾ? ಎಲ್ಲರೂ ಅದನ್ನೇ ಮಾಡುತ್ತಾರೆ.

ಎಲ್ಲರೂ ಮಾಡುತ್ತಾರೆ, ನಿಜ. ಬಹಳ ಸಲ ತಪ್ಪಾಗೋದೂ ಇಲ್ಲೇ. ಯುವಕರನ್ನು ಕರೆದು, ಒಂದು ಬೆಳಗ್ಗೆ ನೂರು ಗುಂಡಿ ತೋಡಿಸಿ, ನೂರು ಸಸಿ ನೆಡಿಸಿ, ಫೋಟೊ ತೆಗೆದು ಕಳಿಸುತ್ತಾರೆ. ಆರು ತಿಂಗಳ ಮೇಲೆ ಎಷ್ಟು ಬದುಕಿವೆ ಅಂತ ನೋಡಲು ಯಾರೂ ಹೋಗಲ್ಲ. ನನಗೆ ಇದು ಸಂಕಟದ ವಿಷಯ, ಯಾಕೆಂದರೆ ಮಕ್ಕಳು ಅವತ್ತು ನಿಜವಾಗಿಯೂ ಮನಸಿಟ್ಟು ನೆಟ್ಟಿರುತ್ತಾರೆ.

ನೆಡುವ ಮೊದಲು ಕೇಳಬೇಕಾದ ಪ್ರಶ್ನೆ: ಈ ಜಾಗದಲ್ಲಿ ಮರ ಇರಬೇಕಾ? ಹುಲ್ಲುಗಾವಲು ಹಾಳು ಬಿದ್ದ ಕಾಡಲ್ಲ. ಅದು ತನ್ನದೇ ಆದ ನೆಲೆ. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳು, ಬಿಸಿಲು ಬೇಕಾದ ಹೂಗಳು, ಮಿಡತೆಗಳು, ಹಾವುರಾಣಿಗಳು ಅಲ್ಲಿವೆ. ಅಲ್ಲಿ ಮರ ನೆಟ್ಟು ನೆರಳು ಮಾಡಿದರೆ ಅವು ಹೋಗುತ್ತವೆ. ಜೌಗು ನೆಲ, ಬಂಡೆ ಬಯಲು, ಮರಳು ದಿಬ್ಬಗಳ ಮಾತೂ ಇದೇ.

ಮರ ಬೇಕು ಅಂತಾದರೆ ಆ ಸೀಮೆಯದೇ ಜಾತಿ ಆರಿಸಿ. ಹತ್ತಿರದ ಹಳೆಯ ಮರಗಳಿಂದ ಹುಡುಗರೇ ಬೀಜ ಆಯ್ದು, ಮೊಳಕೆ ಬರಿಸಿ, ಸಸಿ ಮಾಡಲಿ. ನೂರರ ಬದಲು ಹತ್ತು ನೆಡಿ, ಹತ್ತನ್ನೂ ಮೂರು ವರ್ಷ ನೋಡಿಕೊಳ್ಳಿ. ಪ್ರತಿ ಸಸಿಗೆ ಒಂದು ನಂಬರ್, ಪುಸ್ತಕದಲ್ಲಿ ಒಂದು ಪುಟ. ಸತ್ತರೆ ಯಾಕೆ ಸತ್ತಿತು ಅಂತ ಬರೆಯಿರಿ.

ಇನ್ನೊಂದು ದಾರಿಯೂ ಇದೆ. ಸುಮ್ನೆ ಬಿಡೋದು. ದನ ಕರು ಬಾರದ ಹಾಗೆ, ಯಂತ್ರ ಓಡದ ಹಾಗೆ ಒಂದು ತುಂಡು ನೆಲವನ್ನು ಕಾದುಕೊಂಡರೆ, ಮಣ್ಣಿನಲ್ಲಿದ್ದ ಬೀಜಗಳು, ಹಕ್ಕಿ ತಂದು ಹಾಕಿದ ಬೀಜಗಳು ತಾವಾಗಿಯೇ ಏಳುತ್ತವೆ. ಏನೆಲ್ಲ ಎದ್ದಿತು ಅಂತ ಬರೆಯೋದು ನೆಡೋದಕ್ಕಿಂತ ಕುತೂಹಲದ ಕೆಲಸ.

ಹೊರಗಿನಿಂದ ಬಂದ ಕಳೆ ಕೀಳುವ ಕೆಲಸಕ್ಕೆ ಹುಡುಗರನ್ನು ಕರೆಯಬಹುದಾ?

ಕರೆಯಬಹುದು, ಇದು ಹದಿಹರೆಯದವರಿಗೆ ಹೇಳಿಮಾಡಿಸಿದ ಕೆಲಸ. ಮೈ ದಣಿಯುತ್ತದೆ, ಫಲಿತಾಂಶ ಕಣ್ಣಿಗೆ ಕಾಣುತ್ತದೆ. ಲಂಟಾನ, ವಾಟರ್ ಹಯಸಿಂತ್‌ನಂಥ ಗಿಡಗಳು ಅಮೆರಿಕ ಖಂಡದಿಂದ ಬಂದು ಎಷ್ಟೋ ದೇಶಗಳ ನೆಲ, ನೀರು ತುಂಬಿವೆ. 2023ರಲ್ಲಿ ಐಪಿಬಿಇಎಸ್ ಎಂಬ ಸರ್ಕಾರಗಳ ನಡುವಿನ ವಿಜ್ಞಾನ ವೇದಿಕೆ ಕೊಟ್ಟ ವರದಿಯ ಪ್ರಕಾರ, ಹೀಗೆ ಹೊರಗಿನಿಂದ ಬಂದು ಹಾನಿ ಮಾಡುತ್ತಿರುವ ಜಾತಿಗಳು 3,500ಕ್ಕೂ ಹೆಚ್ಚು. ದಾಖಲಾದ ಅಳಿವುಗಳಲ್ಲಿ ಶೇ 60ರಲ್ಲಿ ಇವುಗಳ ಪಾಲಿದೆ.

ಆದರೆ ಗುರುತಿಸುವ ಪಾಠ ಆಗದೆ ಕೈಗೆ ಕುಡಗೋಲು ಕೊಡಬೇಡಿ. ಹಾಗೆಯೇ, ಹೊರಗಿನದೆಲ್ಲ ಕೆಟ್ಟದ್ದಲ್ಲ, ಹರಡಿ ಬೇರೆಯದನ್ನು ತುಳಿಯುವುದು ಮಾತ್ರ ತೊಂದರೆ. ಹಕ್ಕಿ ಗೂಡು ಕಟ್ಟುವ ಕಾಲದಲ್ಲಿ ಪೊದೆ ಕಡಿಯಬೇಡಿ. ಬೀಜ ಬಿಡುವ ಮೊದಲೇ ಕಿತ್ತು, ಕಿತ್ತದ್ದನ್ನು ಇನ್ನೊಂದು ಕಡೆ ಬೇರು ಬಿಡದ ಹಾಗೆ ಒಣಗಿಸಿ. ಒಂದು ಸಲ ಕಿತ್ತರೆ ಮುಗಿಯಲ್ಲ. ಮರುವರ್ಷ, ಅದರ ಮರುವರ್ಷ ಮತ್ತೆ ಬರಬೇಕು.

ಹಕ್ಕಿ ಮರಿ ನೆಲದಲ್ಲಿ ಸಿಕ್ಕಿತು. ಮಕ್ಕಳು ಮನೆಗೆ ತರೋಣ ಅಂತಾರೆ. ಏನು ಮಾಡಲಿ?

ಮೊದಲು ಪುಕ್ಕ ನೋಡಿ. ಮೈ ತುಂಬಾ ಪುಕ್ಕ ಇದ್ದು, ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ. ತಾಯಿ ತಂದೆ ಹತ್ತಿರವೇ ಇರುತ್ತವೆ, ನೀವು ದೂರ ಹೋದರೆ ಬಂದು ಉಣಿಸುತ್ತವೆ. ಬೆಕ್ಕು, ನಾಯಿ, ವಾಹನ ಇದ್ದರೆ ಪಕ್ಕದ ಪೊದೆಗೆ ಎತ್ತಿಡಿ, ಅಷ್ಟೇ. ಪುಕ್ಕ ಬಾರದ ಬೋಳು ಮರಿಯಾದರೆ, ಗೂಡು ಕಾಣುತ್ತಿದ್ದರೆ, ಕೈಗೆಟುಕಿದರೆ ಮೆಲ್ಲಗೆ ಗೂಡಿಗೇ ಇಡಿ. ಮನುಷ್ಯರ ವಾಸನೆ ತಾಗಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನೋದು ಸುಳ್ಳು. ಗಾಯ ಆಗಿದ್ದರೆ ವನ್ಯಜೀವಿ ರಕ್ಷಕರಿಗೆ ಫೋನ್ ಮಾಡಿ. ಮನೆಯಲ್ಲಿ ಸಾಕೋದು ಬೇಡ, ಅನೇಕ ದೇಶಗಳಲ್ಲಿ ಅದು ಕಾನೂನಿಗೂ ವಿರುದ್ಧ.

ಸಾಕಿದ ಮೀನು, ಆಮೆಯನ್ನು ಕೆರೆಗೆ ಬಿಡೋದು ಒಳ್ಳೆಯ ಕೆಲಸ ಅಲ್ವಾ?

ಅಲ್ಲ. ಕೆಂಪು ಕಿವಿಯ ಆಮೆ ಹೀಗೆ ಬಿಟ್ಟೂ ಬಿಟ್ಟೂ ಹಲವು ಖಂಡಗಳ ಕೆರೆಗಳಿಗೆ ಸೇರಿ ಅಲ್ಲಿನ ಆಮೆಗಳ ಜಾಗ ಕಿತ್ತುಕೊಂಡಿದೆ.

ಹಕ್ಕಿಗೆ ಕಾಳು, ನೀರು ಇಡಬಹುದಾ?

ನೀರು ಇಡಿ, ದಿನಾ ಬದಲಿಸಿ, ಪಾತ್ರೆ ತಿಕ್ಕಿ ತೊಳೆಯಿರಿ. ಕಾಳು ಇಡುವಾಗ ಎಚ್ಚರ ಜಾಸ್ತಿ ಬೇಕು. ಬ್ರಿಟನ್ನಿನಲ್ಲಿ ಗ್ರೀನ್‌ಫಿಂಚ್ ಎಂಬ ಹಕ್ಕಿ ಟ್ರೈಕೊಮೊನೋಸಿಸ್ ರೋಗದಿಂದ ಎಷ್ಟು ಕಡಿಮೆಯಾಯಿತೆಂದರೆ 2021ರಲ್ಲಿ ಅದನ್ನು ಅಲ್ಲಿನ ಕೆಂಪು ಪಟ್ಟಿಗೆ, ಅಂದರೆ ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಗೆ, ಸೇರಿಸಬೇಕಾಯಿತು. ಹಕ್ಕಿಗಳು ಗುಂಪಾಗಿ ತಿನ್ನುವ ಕೊಳೆಯಾದ ತಟ್ಟೆಗಳಲ್ಲಿ ಆ ರೋಗ ಸುಲಭವಾಗಿ ಹರಡುತ್ತದೆ. ಕಾಳು ಇಡುವ ಬದಲು, ಹಕ್ಕಿಗೆ ಹಣ್ಣು, ಬೀಜ, ಹುಳು ಸಿಗುವ ಅಲ್ಲಿನದೇ ಗಿಡ ಬೆಳೆಸಿದರೆ ಈ ಚಿಂತೆಯೇ ಇಲ್ಲ.

ಹುಳು, ಜೇಡ ಕಂಡರೆ ಕಿರುಚುವವರನ್ನು ಏನು ಮಾಡೋದು?

ಬಲವಂತ ಮಾಡಬೇಡಿ, ನಗಬೇಡಿ. ದೂರದಿಂದ ನೋಡುವ ಕೆಲಸ ಕೊಡಿ. ಹೊತ್ತು ಬರೆಯೋದು, ಚಿತ್ರ ಬರೆಯೋದು. ಹೆದರಿಕೆ ಬಹಳ ಸಲ ದೊಡ್ಡವರಿಂದ ಅಂಟಿದ್ದು, ಹಾಗಾಗಿ ನೀವು ಶಾಂತವಾಗಿದ್ದರೆ ಅರ್ಧ ಕೆಲಸ ಆದಂತೆ. ರಾತ್ರಿ ಬಿಳಿ ಬಟ್ಟೆ ಕಟ್ಟಿ ಅದರ ಮೇಲೆ ಬೆಳಕು ಬಿಟ್ಟು ಪತಂಗ ನೋಡುವ ಕಾರ್ಯಕ್ರಮ ಹೆದರುವವರಿಗೂ ಹಿಡಿಸುತ್ತದೆ. ಅಷ್ಟು ಬಣ್ಣ ಇರುತ್ತದೆ ಅಂತ ಅವರು ಊಹಿಸಿರಲ್ಲ. ಒಂದೆರಡು ಗಂಟೆ ಆದಮೇಲೆ ಬೆಳಕು ಆರಿಸಿ. ಬೆಳಗಿನವರೆಗೆ ಬಿಟ್ಟರೆ ಬಟ್ಟೆಯ ಮೇಲೆ ಕೂತ ಪತಂಗಗಳನ್ನು ಹಕ್ಕಿಗಳು ಒಂದೂ ಉಳಿಸಲ್ಲ.

ಸುರಕ್ಷತೆಗೆ ಏನೇನು ನೋಡಿಕೊಳ್ಳಬೇಕು?

ಹೋಗುವ ಮೊದಲು ದೊಡ್ಡವರೊಬ್ಬರು ಜಾಗ ನೋಡಿ ಬಂದಿರಬೇಕು. ಪೋಷಕರ ಒಪ್ಪಿಗೆ, ಜಾಗದವರ ಅನುಮತಿ, ಪ್ರಥಮ ಚಿಕಿತ್ಸೆ, ಹತ್ತಿರದ ಆಸ್ಪತ್ರೆಯ ನಂಬರ್ ಇರಲಿ. ಮುಚ್ಚಿದ ಶೂ ಹಾಕಿಸಿ. ನೀರಿನ ಹತ್ತಿರ ಚಿಕ್ಕ ಮಕ್ಕಳು ಒಬ್ಬೊಬ್ಬರೇ ಹೋಗಬಾರದು. ಕಾಣದ ಜಾಗಕ್ಕೆ ಕೈ ಹಾಕಬಾರದು. ಕಲ್ಲು ಎತ್ತುವಾಗ ತನ್ನ ಕಡೆಗೆ ಎತ್ತಿದರೆ, ಅಡಿಯಲ್ಲಿರುವುದು ಆಚೆ ಕಡೆಗೆ ಹೋಗುತ್ತದೆ. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೇ ಇಡಬೇಕು, ಅದು ಯಾರದೋ ಮನೆಯ ಚಾವಣಿ. ಹಾವನ್ನು ಹಿಡಿಯುವ ಸಾಹಸ ಯಾರೂ ಮಾಡಬಾರದು, ಎಷ್ಟೇ ಗೊತ್ತಿದ್ದರೂ.

ಜೀವಿಗಳ ಸುರಕ್ಷತೆಯೂ ಇದೆ. ಕಪ್ಪೆಗಳನ್ನು ಕೈಯಲ್ಲಿ ಹಿಡಿಯಬೇಡಿ. ಕೈಟ್ರಿಡ್ ಎಂಬ ಶಿಲೀಂಧ್ರ ಜಗತ್ತಿನ ನೂರಾರು ಕಪ್ಪೆ ಜಾತಿಗಳನ್ನು ಕುಗ್ಗಿಸಿದೆ. ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗುವ ಮೊದಲು ಬೂಟು, ಬಲೆ ತೊಳೆದು ಒಣಗಿಸಿ.

ಒಂದು ದಿನದ ಕಾರ್ಯಕ್ರಮ ಮಾಡಿದರೆ ಉಪಯೋಗ ಇದೆಯಾ?

ಶುರು ಮಾಡಲು ಇದೆ. ಮೇ 22 ಜೀವವೈವಿಧ್ಯ ದಿನ. ಫೆಬ್ರವರಿಯಲ್ಲಿ ನಾಲ್ಕು ದಿನದ ಹಿತ್ತಲ ಹಕ್ಕಿ ಗಣತಿ ಇರುತ್ತದೆ. 2016ರಲ್ಲಿ ಅಮೆರಿಕದ ಎರಡು ನಗರಗಳ ಪೈಪೋಟಿಯಾಗಿ ಶುರುವಾದ ಸಿಟಿ ನೇಚರ್ ಚಾಲೆಂಜ್ ಈಗ ಜಗತ್ತಿನ ನೂರಾರು ನಗರಗಳಲ್ಲಿ ನಡೆಯುತ್ತದೆ. ಒಂದು ಜಾಗದಲ್ಲಿ ಸಿಗುವ ಎಲ್ಲ ಜೀವಿಗಳನ್ನು ಒಂದು ಹಗಲು ರಾತ್ರಿಯಲ್ಲಿ ಪಟ್ಟಿ ಮಾಡುವ ಬಯೋಬ್ಲಿಟ್ಜ್ ಕೂಡ ಖುಷಿಯ ಕೆಲಸ.

ಆದರೆ ಕಾರ್ಯಕ್ರಮದ ಮರುದಿನ ಏನು ಅಂತ ಮೊದಲೇ ತೀರ್ಮಾನವಾಗಿರಲಿ. ಬಂದವರಿಗೆ ಹೊರಡುವ ಮುಂಚೆ ಮುಂದಿನ ಭೇಟಿಯ ದಿನಾಂಕ ಹೇಳಿ.

ಯುವಜನರು ನಿಜವಾಗಿಯೂ ಪಾಲ್ಗೊಂಡಿದ್ದಾರೆ ಅಂತ ಹೇಗೆ ಗೊತ್ತಾಗುತ್ತದೆ?

ತೀರ್ಮಾನ ಯಾರು ಮಾಡಿದರು ಅಂತ ಕೇಳಿ. ಎಲ್ಲಿಗೆ ಹೋಗಬೇಕು, ಏನು ನೋಡಬೇಕು, ಹಣ ಯಾವುದಕ್ಕೆ ಖರ್ಚು ಮಾಡಬೇಕು, ಯಾರು ಮಾತಾಡಬೇಕು. ಇದರಲ್ಲಿ ಒಂದನ್ನೂ ಅವರು ತೀರ್ಮಾನಿಸಿಲ್ಲ ಅಂದರೆ ಅವರು ಪಾಲ್ಗೊಂಡಿಲ್ಲ. ಬಂದಿದ್ದಾರೆ, ಅಷ್ಟೇ.

1992ರಲ್ಲಿ ರಾಜರ್ ಹಾರ್ಟ್ ಎಂಬ ವಿದ್ವಾಂಸರು ಯುನಿಸೆಫ್‌ಗಾಗಿ ಮಕ್ಕಳ ಪಾಲ್ಗೊಳ್ಳುವಿಕೆಗೆ ಎಂಟು ಮೆಟ್ಟಿಲಿನ ಏಣಿಯೊಂದನ್ನು ಬರೆದರು. ಕೆಳಗಿನ ಮೂರು ಮೆಟ್ಟಿಲುಗಳನ್ನು ಅವರು ಪಾಲ್ಗೊಳ್ಳುವಿಕೆ ಅಂತ ಒಪ್ಪಲೇ ಇಲ್ಲ. ಮಕ್ಕಳಿಗೆ ಅರ್ಥವಾಗದ ವಿಷಯಕ್ಕೆ ಅವರನ್ನು ಬಳಸಿಕೊಳ್ಳೋದು, ಅಲಂಕಾರಕ್ಕೆ ನಿಲ್ಲಿಸೋದು, ಹೆಸರಿಗೆ ಮಾತ್ರ ಸೇರಿಸಿಕೊಳ್ಳೋದು. ಒಂದೇ ಬಣ್ಣದ ಅಂಗಿ ಹಾಕಿಸಿ, ಯಾರೋ ಬರೆದ ಘೋಷಣೆಯ ಫಲಕ ಕೈಗೆ ಕೊಟ್ಟ ಮೆರವಣಿಗೆ ನೆನಪಿಗೆ ಬಂತಾ? ಅದು ಈ ಮೂರರಲ್ಲೇ ಬರುತ್ತದೆ. ಮೇಲಿನ ಮೆಟ್ಟಿಲಲ್ಲಿ ಮಕ್ಕಳೇ ಕೆಲಸ ಶುರು ಮಾಡುತ್ತಾರೆ, ದೊಡ್ಡವರ ಜೊತೆ ಸೇರಿ ತೀರ್ಮಾನ ಮಾಡುತ್ತಾರೆ. ದೊಡ್ಡವರು ಹೊರಗೆ ಹೋಗಬೇಕಿಲ್ಲ, ಪಕ್ಕದಲ್ಲಿ ಕೂರಬೇಕು.

ಹುಡುಗರ ತೀರ್ಮಾನ ತಪ್ಪು ಅನ್ನಿಸಿದರೆ? ಜೀವಕ್ಕೋ ಜೀವಿಗಳಿಗೋ ಅಪಾಯ ಇದ್ದರೆ ತಡೆಯಿರಿ, ಕಾರಣ ಹೇಳಿ. ಇಲ್ಲದಿದ್ದರೆ ಮಾಡಲು ಬಿಡಿ. ಹೊಂಡದ ಯಾವ ಬದಿಯಲ್ಲಿ ಕೂರಬೇಕು ಅನ್ನುವ ತೀರ್ಮಾನ ತಪ್ಪಾದರೆ ಏನೂ ಮುಳುಗಲ್ಲ.

ಅಧಿಕಾರಿಗಳು ಹುಡುಗರ ಮಾತು ಕೇಳುತ್ತಾರಾ?

ಕೇಳಬೇಕು ಅಂತ ದೇಶಗಳೇ ಒಪ್ಪಿವೆ. 1989ರ ಮಕ್ಕಳ ಹಕ್ಕುಗಳ ಒಪ್ಪಂದದ 12ನೇ ವಿಧಿ, ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಮಕ್ಕಳ ಅಭಿಪ್ರಾಯ ಕೇಳಬೇಕು, ಅದಕ್ಕೆ ತೂಕ ಕೊಡಬೇಕು ಅನ್ನುತ್ತದೆ. 2022ರ ಡಿಸೆಂಬರ್‌ನಲ್ಲಿ ಒಪ್ಪಿದ ಕುನ್‌ಮಿಂಗ್–ಮಾಂಟ್ರಿಯಲ್ ಜೀವವೈವಿಧ್ಯ ಚೌಕಟ್ಟಿನಲ್ಲಿ 23 ಗುರಿಗಳಿವೆ. ಅದರ 22ನೇ ಗುರಿ ತೀರ್ಮಾನ ಮಾಡುವಾಗ ಮಕ್ಕಳು, ಯುವಜನರನ್ನೂ ಸೇರಿಸಿಕೊಳ್ಳಬೇಕು ಅಂತ ಹೇಳುತ್ತದೆ.

ಕಾಗದದಲ್ಲಿ ಇದ್ದರೆ ಸಾಲದು, ಗೊತ್ತು. ಕೆಲಸ ಆಗಬೇಕಾದರೆ ಒಂದು ಬೇಡಿಕೆ ಮಾತ್ರ ಇಟ್ಟುಕೊಂಡು ಹೋಗಿ. "ಪರಿಸರ ಉಳಿಸಿ" ಅಂದರೆ ಯಾರೂ ಏನೂ ಮಾಡಲಾರರು. "ಈ ಹೊಂಡದ ದಂಡೆಯ ಹುಲ್ಲನ್ನು ಈ ಎರಡು ತಿಂಗಳು ಕತ್ತರಿಸಬೇಡಿ, ಆಗ ಇಲ್ಲಿ ಇಷ್ಟು ಬಗೆ ಚಿಟ್ಟೆ ಮೊಟ್ಟೆ ಇಡುತ್ತವೆ, ಇದು ನಮ್ಮ ಎರಡು ವರ್ಷದ ದಾಖಲೆ" ಅಂದರೆ ಆಗುತ್ತದೆ ಅಥವಾ ಆಗಲ್ಲ ಅಂತ ಉತ್ತರ ಕೊಡಲೇಬೇಕಾಗುತ್ತದೆ. ಬೀದಿ ದೀಪವನ್ನು ಕೆಳಮುಖ ಮಾಡೋದು, ಒಣ ಎಲೆಗೆ ಬೆಂಕಿ ಹಾಕದಿರೋದು, ಒಂದು ಹಳೆಯ ಪೊಟರೆ ಮರವನ್ನು ಕಡಿಯದೆ ಬಿಡೋದು, ಇಂಥವು ಖರ್ಚಿಲ್ಲದ ಬೇಡಿಕೆಗಳು. ಮಾತಾಡೋದು ಹುಡುಗರೇ ಆಗಿರಲಿ. ಉತ್ತರ ಬರೆದು ಕೊಡಿ ಅಂತ ಕೇಳಿ.

ಕೆಲವು ಬಗೆಯ ಮಕ್ಕಳು ಮಾತ್ರ ಬರುತ್ತಾರೆ. ಉಳಿದವರು?

ಬೈನಾಕ್ಯುಲರ್ ಕೊಳ್ಳಬಲ್ಲವರು, ವಾರದ ಕೊನೆಗೆ ಬಿಡುವಿರುವವರು, ಹೊರಗೆ ಹೋಗಲು ಮನೆಯಲ್ಲಿ ಬಿಡುವವರು ಸುಲಭವಾಗಿ ಬರುತ್ತಾರೆ. ದುಡಿಯುವ ಹುಡುಗರು, ಮನೆಗೆಲಸ ಹೊತ್ತ ಹುಡುಗಿಯರು, ಗಾಲಿಕುರ್ಚಿಯಲ್ಲಿ ಇರುವವರು ಬರಲಾರರು. ಅವರು ಬರಲ್ಲ ಅಂತ ಅಲ್ಲ, ನಾವು ಇಟ್ಟ ಹೊತ್ತು, ಜಾಗ ಅವರಿಗೆ ಆಗಲ್ಲ. ಹೊತ್ತು ಅವರನ್ನೇ ಕೇಳಿ ಇಡಿ. ಸಲಕರಣೆ ತಂಡದ್ದಾಗಿರಲಿ. ಕಣ್ಣು ಕಾಣದವರು ಹಕ್ಕಿಗಳ ಕೂಗನ್ನು ಕೇಳಿ ಗುರುತಿಸುವ ಕೆಲಸವನ್ನು ತುಂಬಾ ಚೆನ್ನಾಗಿ ಮಾಡಬಲ್ಲರು.

ಎಲ್ಲ ಹಾಳಾಗುತ್ತಿದೆ, ನಾವು ಮಾಡಿ ಏನು ಪ್ರಯೋಜನ ಅಂತ ಹುಡುಗರು ಕೇಳಿದರೆ?

ಸುಳ್ಳು ಸಮಾಧಾನ ಹೇಳಬೇಡಿ. ಹತ್ತು ಲಕ್ಷದಷ್ಟು ಜಾತಿಗಳು ಅಳಿವಿನ ಅಪಾಯದಲ್ಲಿವೆ ಅಂತ ಐಪಿಬಿಇಎಸ್ 2019ರಲ್ಲೇ ಅಂದಾಜು ಮಾಡಿತು. ಅವರಿಗೆ ಅದು ಗೊತ್ತಿದೆ. 2021ರಲ್ಲಿ ಹತ್ತು ದೇಶಗಳ 16ರಿಂದ 25 ವರ್ಷದ ಹತ್ತು ಸಾವಿರ ಜನರನ್ನು ಕೇಳಿದಾಗ, ಶೇ 59 ಜನ ಹವಾಮಾನ ಬದಲಾವಣೆಯ ಬಗ್ಗೆ ತುಂಬಾ ಚಿಂತೆಯಾಗಿದೆ ಅಂದರು. ಈ ಚಿಂತೆ ದೌರ್ಬಲ್ಯ ಅಲ್ಲ. ಕೂತು ಪೂರ್ತಿ ಕೇಳಿಸಿಕೊಳ್ಳಿ.

ಆಮೇಲೆ ಚಾತಮ್ ದ್ವೀಪದ ಕಪ್ಪು ರಾಬಿನ್ ಹಕ್ಕಿಯ ಬಗ್ಗೆ ಹೇಳಿ. ನ್ಯೂಜಿಲೆಂಡ್‌ಗೆ ಸೇರಿದ ಆ ದ್ವೀಪಗಳಲ್ಲಿ 1980ರ ಹೊತ್ತಿಗೆ ಉಳಿದದ್ದು ಐದೇ ಹಕ್ಕಿ. ಮರಿ ಮಾಡಬಲ್ಲ ಹೆಣ್ಣು ಒಂದೇ. ಡಾನ್ ಮರ್ಟನ್ ಮತ್ತು ಅವರ ತಂಡ ಅದರ ಮೊಟ್ಟೆಗಳನ್ನು ಬೇರೆ ಜಾತಿಯ ಹಕ್ಕಿಯ ಗೂಡಿನಲ್ಲಿಟ್ಟು ಕಾವು ಕೊಡಿಸಿದರು. ತಾಯಿ ಮತ್ತೆ ಮೊಟ್ಟೆ ಇಟ್ಟಿತು. ಇವತ್ತು ಆ ಹಕ್ಕಿಗಳು ಇನ್ನೂರಕ್ಕೂ ಹೆಚ್ಚು ಇವೆ, ಎಲ್ಲವೂ ಆ ಒಂದು ತಾಯಿಯ ಸಂತಾನ. ಚಿಂತೆ ಮಾಡುವ ಹುಡುಗನಿಗೆ ಇಡೀ ಭೂಮಿಯನ್ನು ಹೊರಿಸಬೇಡಿ. ಆ ಹೊಂಡದ ಒಂದು ಕೆಲಸ ಕೊಡಿ, ಜೊತೆಗೆ ಇಬ್ಬರು ಗೆಳೆಯರನ್ನು ಕೊಡಿ.

ಪರೀಕ್ಷೆ, ಕಾಲೇಜು ಅಂತ ಹುಡುಗರು ಬಿಟ್ಟುಹೋಗುತ್ತಾರೆ. ಕೆಲಸ ನಿಂತುಹೋಗದ ಹಾಗೆ ಏನು ಮಾಡಬೇಕು?

ಹೋಗುತ್ತಾರೆ, ಹೋಗಲಿ. ಅದನ್ನು ಲೆಕ್ಕಕ್ಕೆ ಹಿಡಿದೇ ತಂಡ ಕಟ್ಟಿ. ಒಂದೇ ವಯಸ್ಸಿನವರ ತಂಡ ಬೇಡ. ಹತ್ತು, ಹದಿಮೂರು, ಹದಿನಾರು ವರ್ಷದವರು ಸೇರಿರಲಿ, ದೊಡ್ಡವನಿಗೆ ಒಬ್ಬ ಚಿಕ್ಕವನು ಜೊತೆ. ಎಲ್ಲ ಮಾಹಿತಿ ಒಬ್ಬರ ಫೋನಿನಲ್ಲೋ ಒಬ್ಬರ ಮನೆಯಲ್ಲೋ ಇರಬಾರದು. ದಪ್ಪ ರಟ್ಟಿನ ಒಂದು ಪುಸ್ತಕ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಇರಲಿ, ಪ್ರತಿ ತಿಂಗಳೂ ಅದರ ಪುಟಗಳ ಫೋಟೊ ತೆಗೆದು ಬೇರೆ ಎರಡು ಕಡೆ ಇಡಿ. ಎಲ್ಲಿ ನಿಂತು ಫೋಟೊ ತೆಗೆಯಬೇಕು, ಯಾವ ದಾರಿಯಲ್ಲಿ ನಡೆಯಬೇಕು, ಯಾರಿಗೆ ಫೋನ್ ಮಾಡಿ ಅನುಮತಿ ಕೇಳಬೇಕು ಅಂತ ಮೊದಲ ಪುಟದಲ್ಲೇ ಬರೆದಿರಬೇಕು. ಹೊಸಬರು ಬಂದ ದಿನವೇ ಅದನ್ನು ಓದಿ, ಹಳಬರ ಜೊತೆ ಒಂದು ಸುತ್ತು ಹೋಗಲಿ. ಬಿಟ್ಟುಹೋದವರ ಹೆಸರನ್ನು ಪಟ್ಟಿಯಿಂದ ತೆಗೆಯಬೇಡಿ, ವರ್ಷಕ್ಕೊಮ್ಮೆ ಗಣತಿಗೆ ಕರೆಯಿರಿ.